ತಂದೆಯ ಹೆಸರು, ತಾಯಿಯ ಮಾತು: ಬೀದರ್ ಸೀಮೆಯ ಹಬ್ಶಿ ಪರಂಪರೆ ಮತ್ತು ಗಡಿ ತಾಲ್ಲೂಕುಗಳು

ಜಹೀರಾಬಾದಿನಿಂದ ಬೀದರಿಗೆ ಸುಮಾರು 30 ಕಿಲೋಮೀಟರ್ ದಾರಿ. 1956ರ ನವೆಂಬರ್ 1ಕ್ಕೆ ಮುಂಚೆ ಈ ದಾರಿಯಲ್ಲಿ ರಾಜ್ಯದ ಗಡಿ ಇರಲಿಲ್ಲ. ಹೈದರಾಬಾದ್ ಸಂಸ್ಥಾನದ ಆಡಳಿತದಲ್ಲಿ ಜಹೀರಾಬಾದ್, ನಾರಾಯಣಖೇಡ ತಾಲ್ಲೂಕುಗಳು ಬೀದರ್ ಜಿಲ್ಲೆಗೂ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಗುಲಬರ್ಗಾ ಜಿಲ್ಲೆಗೂ ಸೇರಿದ್ದವು. ಈ ಸೀಮೆಯ ಚರಿತ್ರೆಯನ್ನು ಬರೆಯುವಾಗ ಕನ್ನಡ, ತೆಲುಗು, ಮರಾಠಿ, ಉರ್ದು ಎಂಬ ನಾಲ್ಕು ಭಾಷೆಗಳ ಲೆಕ್ಕ ಮಾಡುವುದು ವಾಡಿಕೆ. ಆದರೆ ಯಾವ ಭಾಷೆಯ ಲೆಕ್ಕದಲ್ಲಿಯೂ ಪ್ರತ್ಯೇಕವಾಗಿ ಕಾಣಿಸದ, ಆದರೂ ಈ ಸೀಮೆಯ ರಾಜಕಾರಣವನ್ನು ಎರಡು ಶತಮಾನಗಳಿಗೂ ಹೆಚ್ಚು ಕಾಲ ರೂಪಿಸಿದ ಒಂದು ಜನಸಮೂಹವಿದೆ. ಅವರು ಆಫ್ರಿಕದ ಈಶಾನ್ಯ ಭಾಗದಿಂದ ಬಂದ ಹಬ್ಶಿಗಳು. ಬೀದರ್ ಪಟ್ಟಣದ ಬದಿಯ ಗುಡ್ಡವೊಂದು ಇಂದಿಗೂ ‘ಹಬ್ಶಿ ಕೋಟ್’ ಎಂಬ ಹೆಸರನ್ನೇ ಹೊತ್ತಿದೆ; ಅಲ್ಲಿ ಹಬ್ಶಿ ಸರದಾರರ ಗೋರಿಗಳಿವೆ.

ಗೋರಿಗಳಿರುವ ಊರಿನಲ್ಲಿ ಅವರ ಸಂತತಿ ಪ್ರತ್ಯೇಕವಾಗಿ ಏಕೆ ಗುರುತಿಸಿಕೊಳ್ಳುವುದಿಲ್ಲ ಎಂಬ ಪ್ರಶ್ನೆಯೇ ಈ ಬರಹದ ವಸ್ತು. ಅವರು ಅಳಿದುಹೋದರೆಂಬುದು ಸುಲಭವಾದ ಉತ್ತರ. ಅವರು ಈ ನೆಲದವರಲ್ಲಿ ಬೆರೆತುಹೋದರೆಂಬುದು ಹೆಚ್ಚು ಸರಿಯಾದ ಉತ್ತರ. ಆ ಬೆರೆಯುವಿಕೆ ನಡೆದ ಬಗೆಯನ್ನೂ, ಬೆರೆತವರನ್ನು ಎಣಿಸುವ ಆಧುನಿಕ ಕ್ರಮಗಳ ಮಿತಿಯನ್ನೂ ಒಟ್ಟಿಗೆ ಇಟ್ಟು ನೋಡಿದರೆ ಗಡಿ ತಾಲ್ಲೂಕುಗಳ ಭಾಷಿಕ ಅಲ್ಪಸಂಖ್ಯಾತರ ಸ್ಥಿತಿಯೂ ಸ್ಪಷ್ಟವಾಗುತ್ತದೆ.

ಹೆಸರಿನ ಹಿನ್ನೆಲೆ

‘ಹಬ್ಶಿ’ ಎಂಬುದು ಅರಬ್ಬಿಯ ‘ಹಬಶ’ ಎಂಬ ದೇಶವಾಚಕದಿಂದ ಬಂದ ಪದ. ಇಂದಿನ ಇಥಿಯೋಪಿಯ ಹಾಗೂ ಸುತ್ತಲಿನ ಪ್ರದೇಶವನ್ನು ಅದು ಸೂಚಿಸುತ್ತದೆ. ‘ಸಿದ್ದಿ’ ಎಂಬುದು ‘ನನ್ನ ಒಡೆಯ’ ಎಂಬರ್ಥದ ಅರಬ್ಬಿಯ ಗೌರವವಾಚಕದಿಂದ ಬಂದುದೆಂದು ಸಾಮಾನ್ಯವಾಗಿ ವಿವರಿಸಲಾಗುತ್ತದೆ. ಗುಲಾಮರಾಗಿ ಬಂದವರ ವಂಶಕ್ಕೆ ಒಡೆತನದ ಪದವೇ ಕುಲನಾಮವಾಗಿ ನಿಂತದ್ದು ದಖ್ಖನಿನ ಚರಿತ್ರೆಯ ಒಂದು ವಿಶೇಷ.

ಹಬಶದ ಒಳನಾಡಿನಲ್ಲಿ ಸೆರೆಸಿಕ್ಕವರನ್ನು ಮಸಾವಾ, ಜೈಲಾ, ಬರ್ಬರಾ ಮೊದಲಾದ ರೇವುಗಳಿಗೆ ತಂದು ಕೆಂಪು ಸಮುದ್ರ ಮತ್ತು ಏಡನ್ ಕೊಲ್ಲಿಯ ಮೂಲಕ ಸಾಗಿಸಲಾಗುತ್ತಿತ್ತು. ಇವುಗಳಲ್ಲಿ ಜೈಲಾ ಮತ್ತು ಬರ್ಬರಾ ಸೊಮಾಲಿ ಕರಾವಳಿಯ ಪಟ್ಟಣಗಳು. ಮಾರಾಟವಾದವರಲ್ಲಿ ಹೆಚ್ಚಿನವರು ಸೊಮಾಲಿಗಳಲ್ಲ; ಮುಸ್ಲಿಮನನ್ನು ದಾಸನನ್ನಾಗಿ ಮಾಡಿಕೊಳ್ಳುವುದನ್ನು ಇಸ್ಲಾಮಿನ ಧರ್ಮಶಾಸ್ತ್ರ ಒಪ್ಪದಿದ್ದುದರಿಂದ ಒಳನಾಡಿನ ಮುಸ್ಲಿಮೇತರ ಜನರೇ ಈ ವ್ಯಾಪಾರಕ್ಕೆ ಬಲಿಯಾದರು. ಹೀಗೆ ಬೇರೆ ಬೇರೆ ಕುಲ, ಭಾಷೆ, ದೈವಗಳಿದ್ದ ಜನರು ಹಡಗು ಇಳಿಯುವ ಹೊತ್ತಿಗೆ ‘ಹಬ್ಶಿ’ ಎಂಬ ಒಂದೇ ಹೆಸರಿನವರಾದರು. ಆ ಹೆಸರು ಅವರೇ ಇಟ್ಟುಕೊಂಡದ್ದಲ್ಲ, ಪರರು ಕೊಟ್ಟದ್ದು. ಹೊಸ ಧರ್ಮ, ಹೊಸ ಹೆಸರು, ಹೊಸ ಒಡೆಯ ಇವು ಒಟ್ಟಿಗೆ ಬಂದವು. ಮಲಿಕ್ ಅಂಬರನ (1548–1626) ಬಾಲ್ಯದ ಹೆಸರು ಚಾಪು ಎಂದಿತ್ತು. ಅರಬ್ ದೇಶಗಳಲ್ಲಿ ಕೈಯಿಂದ ಕೈಗೆ ಮಾರಾಟವಾಗಿ ಅವನು ಅಂಬರನಾದನು. ದಖ್ಖನಿನಲ್ಲಿ ಅವನನ್ನು ಕೊಂಡ ಅಹಮದ್‌ನಗರದ ಪೇಶ್ವೆ ಚಂಗೀಜ್ ಖಾನನೂ ಹಬ್ಶಿಯೇ.

ದಖ್ಖನಿಗಳಾದ ಹಬ್ಶಿಗಳು

ಬಹಮನಿ ರಾಜ್ಯ 1347ರಲ್ಲಿ ಸ್ಥಾಪನೆಯಾಗಿ ಹದಿನೈದನೆಯ ಶತಮಾನದಲ್ಲಿ ತನ್ನ ರಾಜಧಾನಿಯನ್ನು ಬೀದರಿಗೆ ಬದಲಿಸಿಕೊಂಡಿತು. ಆ ಕಾಲಕ್ಕೆ ಆಸ್ಥಾನ ಎರಡು ಬಣಗಳಾಗಿ ಒಡೆದಿತ್ತು. ಇರಾನ್, ಇರಾಕ್, ಮಧ್ಯ ಏಷ್ಯದಿಂದ ಹೊಸದಾಗಿ ಬಂದ ‘ಅಫಾಕಿ’ಗಳದು ಒಂದು, ಉತ್ತರದಿಂದ ಬಂದು ತಲೆಮಾರುಗಳಿಂದ ಇಲ್ಲಿಯೇ ನೆಲೆಸಿದ ಮುಸ್ಲಿಮರ, ಮತಾಂತರಗೊಂಡ ಸ್ಥಳೀಯರ ‘ದಖ್ಖನಿ’ ಬಣ ಇನ್ನೊಂದು. ಸಮುದ್ರ ದಾಟಿ ಬಂದವರೆಂಬ ಲೆಕ್ಕದಲ್ಲಿ ಹಬ್ಶಿಗಳು ಅಫಾಕಿಗಳ ಜೊತೆ ನಿಲ್ಲಬೇಕಾಗಿತ್ತು. ಆದರೆ ಅವರು ನಿಂತದ್ದು ದಖ್ಖನಿಗಳ ಜೊತೆ. ಅಫಾಕಿಗಳಿಗೆ ಪರ್ಶಿಯನ್ ಭಾಷೆಯ ಹೆಮ್ಮೆಯಿತ್ತು; ಹಿಂದಿರುಗಬಹುದಾದ ಊರು, ಪತ್ರ ಬರೆಯಬಹುದಾದ ಬಂಧುಗಳಿದ್ದರು. ಹಬ್ಶಿಗೆ ಇವು ಯಾವುವೂ ಇರಲಿಲ್ಲ. ಹಿಂದಿರುಗುವ ದಾರಿ ಇಲ್ಲದವನಿಗೆ ಬಂದ ನೆಲವೇ ಊರಾಯಿತು.

ಈ ಮೈತ್ರಿಯ ಮುಖಗಳೆಲ್ಲವೂ ಹಿತವಾದುವಲ್ಲ. 1481ರಲ್ಲಿ ವಜೀರ ಮಹಮೂದ್ ಗವಾನನ ವಧೆಗೆ ಕಾರಣವಾದ ಸಂಚನ್ನು ದಖ್ಖನಿ ಮತ್ತು ಹಬ್ಶಿ ಸರದಾರರು ಸೇರಿ ಹೂಡಿದರು. ಗವಾನನ ಮುದ್ರೆಯನ್ನು ಕಾಯುತ್ತಿದ್ದವನೂ, ಸುಲ್ತಾನನ ಆಜ್ಞೆಯಂತೆ ಅವನ ಮೇಲೆ ಕತ್ತಿ ಎತ್ತಿದವನೂ ಹಬ್ಶಿಗಳೇ ಎಂದು ಪರ್ಶಿಯನ್ ಚರಿತ್ರೆಗಳು ಹೇಳುತ್ತವೆ. ಆ ಚರಿತ್ರೆಗಳನ್ನು ಬರೆದವರು ಬಹುಪಾಲು ಅಫಾಕಿ ಪಕ್ಷದ ಒಲವುಳ್ಳವರೆಂಬುದನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಗುಲಬರ್ಗಾವನ್ನು ಆಳಿದ ಹಬ್ಶಿ ಸರದಾರ ದಸ್ತೂರ್ ದೀನಾರನು ಬಹಮನಿ ರಾಜ್ಯ ಒಡೆಯುತ್ತಿದ್ದ ಹೊತ್ತಿನಲ್ಲಿ ಸ್ವತಂತ್ರನಾಗಲು ಯತ್ನಿಸಿ, ಬಿಜಾಪುರದ ಯೂಸುಫ್ ಆದಿಲ್ ಖಾನನೊಡನೆ ಹೋರಾಡಿ ಮಡಿದನು.

ಹಬ್ಶಿ ತಂದೆಗೂ ಈ ನೆಲದ ತಾಯಿಗೂ ಹುಟ್ಟಿದವರಿಗೆ ಆ ಕಾಲದ ಬರಹಗಳಲ್ಲಿ ಪ್ರತ್ಯೇಕ ಹೆಸರೇ ಇದೆ: ‘ಮುವಲ್ಲದ್’. ಮಿಶ್ರ ಸಂತತಿಯನ್ನು ಗುರುತಿಸಿ ಬೇರೆ ಇಡುವ ಈ ಪದ ನಿರಪಾಯವಾದುದಾಗಿರಲಿಲ್ಲ. ಯೂಸುಫನ ಮಗ ಇಸ್ಮಾಯಿಲ್ ಆದಿಲ್ ಶಹ ತನ್ನ ಸೈನ್ಯಕ್ಕೆ ದಖ್ಖನಿಗಳನ್ನಾಗಲಿ ಹಬ್ಶಿಗಳನ್ನಾಗಲಿ ಸೇರಿಸಬಾರದೆಂದು ಆಜ್ಞೆ ಮಾಡಿದ್ದನ್ನು ಫಿರಿಸ್ತಾ ದಾಖಲಿಸುತ್ತಾನೆ. ಕೆಲವು ವರ್ಷಗಳ ತರುವಾಯ ವಿದೇಶೀಯರಿಗೆ ಇಲ್ಲಿ ಹುಟ್ಟಿದ ಮಕ್ಕಳಿಗೆ ವಿನಾಯಿತಿ ದೊರೆಯಿತು. ದಖ್ಖನಿ ಮತ್ತು ಹಬ್ಶಿಗಳಿಗೆ ದೊರೆಯಲಿಲ್ಲ. 1534ರಲ್ಲಿ ಪಟ್ಟಕ್ಕೆ ಬಂದ ಒಂದನೆಯ ಇಬ್ರಾಹಿಂ ಈ ನೀತಿಯನ್ನು ತಲೆಕೆಳಗು ಮಾಡಿದನು. ಅವನು ದಖ್ಖನಿ, ಹಬ್ಶಿಗಳನ್ನು ಸೈನ್ಯಕ್ಕೆ ತೆಗೆದುಕೊಂಡನು. ರಾಜ್ಯದ ಲೆಕ್ಕಪತ್ರಗಳನ್ನು ಪರ್ಶಿಯನ್ನಿನಿಂದ ದೇಶೀಯ ಭಾಷೆಗೆ ಬದಲಿಸಿ ಬ್ರಾಹ್ಮಣ ಕರಣಿಕರ ಕೈಗೆ ಕೊಟ್ಟನು. ಒಂದೇ ಆಡಳಿತದಲ್ಲಿ ಮಿಶ್ರ ಸಂತತಿಗೆ ಸೈನ್ಯದ ಬಾಗಿಲೂ ನೆಲದ ಮಾತಿಗೆ ಕಚೇರಿಯ ಬಾಗಿಲೂ ತೆರೆದವು. ಭಾಷಾಚರಿತ್ರೆಯ ಅಭ್ಯಾಸಿಗಳು ಎರಡನೆಯದನ್ನು ಮಾತ್ರ ಉಲ್ಲೇಖಿಸುವುದುಂಟು. ಎರಡೂ ಸೇರಿಯೇ ಅದರ ಅರ್ಥ ಪೂರ್ಣವಾಗುತ್ತದೆ.

ಆ ಶತಮಾನದ ಕೊನೆಗೆ, ಎರಡನೆಯ ಇಬ್ರಾಹಿಮನ ಬಾಲ್ಯದಲ್ಲಿ, ಬಿಜಾಪುರದ ಆಡಳಿತ ಇಖ್ಲಾಸ್ ಖಾನ್, ಹಮೀದ್ ಖಾನ್, ದಿಲಾವರ್ ಖಾನ್ ಎಂಬ ಮೂವರು ಹಬ್ಶಿಗಳ ಕೈಯಲ್ಲಿತ್ತು. ಅಧಿಕಾರ ದೊರೆತ ಮಾತ್ರಕ್ಕೆ ಸಮಾನತೆ ದೊರೆಯಿತೆಂದು ಭಾವಿಸುವಂತಿಲ್ಲ. ಮಲಿಕ್ ಅಂಬರನು ತನ್ನ ಮಗಳನ್ನು ಅಹಮದ್‌ನಗರದ ಸುಲ್ತಾನ ಎರಡನೆಯ ಮುರ್ತಜಾನಿಗೆ ಮದುವೆ ಮಾಡಿಕೊಟ್ಟಿದ್ದನು. ಸುಲ್ತಾನನ ಪರ್ಶಿಯನ್ ಪತ್ನಿ ಆಕೆಯನ್ನು ಗುಲಾಮಳ ಕುಲದವಳೆಂದು ಹೀಗಳೆದಳೆಂಬ ವೃತ್ತಾಂತ ಡಚ್ ವರ್ತಕ ಪೀಟರ್ ವಾನ್ ಡೆನ್ ಬ್ರೂಕನ ಬರಹದಿಂದ ತಿಳಿದುಬರುತ್ತದೆ. ರಾಜ್ಯವನ್ನೇ ನಡೆಸುತ್ತಿದ್ದವನ ಮಗಳಿಗೂ ಅಂತಃಪುರದಲ್ಲಿ ಆ ಮಾತು ತಪ್ಪಲಿಲ್ಲ.

ಬೀದರಿನ ಮಲಿಕ್ ಮರ್ಜಾನ್

ಬೀದರ್ 1619ರಲ್ಲಿ ಬಿಜಾಪುರಕ್ಕೆ ಸೇರಿದ ಮೇಲೆ ಅಲ್ಲಿಯ ಕೋಟೆಯನ್ನು ದೀರ್ಘಕಾಲ ಕಾದವನು ಹಬ್ಶಿ ಸರದಾರ ಮಲಿಕ್ ಮರ್ಜಾನ್, ಅಥವಾ ಸಿದ್ದಿ ಮರ್ಜಾನ್. 1657ರಲ್ಲಿ ಮೊಗಲ್ ರಾಜಕುಮಾರ ಔರಂಗಜೇಬ್ ಬೀದರನ್ನು ಮುತ್ತಿದಾಗ ಮುದಿ ಮರ್ಜಾನ್ ಸುಮಾರು ನಾಲ್ಕು ವಾರ ತಡೆದು ನಿಂತನು. ಬುರುಜಿನಲ್ಲಿ ಕೂಡಿಟ್ಟಿದ್ದ ಮದ್ದಿಗೆ ಬೆಂಕಿ ತಗುಲಿ ಸಿಡಿದಾಗ ಅವನು ತೀವ್ರವಾಗಿ ಸುಟ್ಟುಹೋದನು. ಸಾವಿನ ಹಾಸಿಗೆಯಿಂದ ತನ್ನ ಮಕ್ಕಳ ಕೈಯಲ್ಲಿ ಕೋಟೆಯ ಕೀಲಿಕೈಗಳನ್ನು ಕಳುಹಿಸಿಕೊಟ್ಟನು.

ಕೀಲಿಕೈ ಹಿಡಿದು ನಡೆದ ಆ ಮಕ್ಕಳು ಹುಟ್ಟಿ ಬೆಳೆದದ್ದು ಕನ್ನಡ, ತೆಲುಗು, ಮರಾಠಿ, ದಖ್ಖನಿಗಳು ಕೂಡುವ ಸೀಮೆಯಲ್ಲಿ. ಅವರ ತಂದೆಯ ಹೆಸರು ಶಾಸನದಲ್ಲಿಯೂ ಇತಿಹಾಸದ ಪುಸ್ತಕಗಳಲ್ಲಿಯೂ ಇದೆ. ತಾಯಂದಿರ ಹೆಸರು ಕಥನದಲ್ಲಿ ಬರುವುದಿಲ್ಲ. ಹಬ್ಶಿ ಚರಿತ್ರೆಯ ಒಟ್ಟು ಸ್ವರೂಪವೇ ಇದು. ಕೋಟೆ, ಕಾಳಗ, ಪದವಿ, ಗೋರಿಗಳ ಚರಿತ್ರೆ ತಂದೆಯ ಕಡೆಯದು. ಆದರೆ ಒಂದು ವಂಶ ಈ ನೆಲದಲ್ಲಿ ಬೇರು ಬಿಟ್ಟದ್ದು ಯಾವುದರಿಂದ ಎಂದು ಕೇಳಿದರೆ, ಉತ್ತರ ತಾಯಿಯ ಕಡೆಗೆ ತಿರುಗುತ್ತದೆ.

ತಾಯಿಯ ಮಾತು

ದಖ್ಖನಿನ ಹಬ್ಶಿ ಸಂತತಿಯವರಲ್ಲಿ ಆಫ್ರಿಕದ ಯಾವ ಭಾಷೆಯೂ ಮನೆಮಾತಾಗಿ ಉಳಿಯಲಿಲ್ಲ. ಸೆರೆಯಾಗಿ ಬಂದವರಲ್ಲಿ ಗಂಡಸರ ಸಂಖ್ಯೆ ದೊಡ್ಡದಾಗಿತ್ತು. ಒಬ್ಬನ ಭಾಷೆ ಇನ್ನೊಬ್ಬನಿಗೆ ತಿಳಿಯುತ್ತಿರಲಿಲ್ಲ. ಮನೆ ಕಟ್ಟಿದ್ದು ಇಲ್ಲಿಯ ಹೆಣ್ಣುಮಕ್ಕಳೊಡನೆ. ಮಗು ಕಲಿತದ್ದು ತಾಯಿಯ ಮಾತನ್ನು. ಭಾಷೆ ಕಳೆದುಹೋಯಿತೆಂದು ಇದನ್ನು ಶೋಕಿಸಬಹುದು. ಹೊಸದೊಂದು ಮನೆಮಾತು ದೊರೆಯಿತೆಂದೂ ಇದನ್ನು ಓದಬಹುದು. ಎರಡೂ ನಿಜ.

ಅವರಲ್ಲಿ ಹೆಚ್ಚಿನವರಿಗೆ ದೊರೆತ ದಖ್ಖನಿ ಭಾಷೆಯೂ ಮಿಶ್ರ ಸಂತಾನವೇ. ಉತ್ತರದಿಂದ ಬಂದ ಮಾತು ಇಲ್ಲಿ ಮರಾಠಿಯ ‘ನಕೊ’ದಿಂದ ‘ನಕ್ಕೊ’ವನ್ನು ಪಡೆಯಿತು. ವಾಕ್ಯವನ್ನು ಕಟ್ಟುವ ಬಗೆಯನ್ನು ಕನ್ನಡ, ತೆಲುಗುಗಳಿಂದ ಕಲಿಯಿತು. ಬೀದರಿನ ದಖ್ಖನಿ ಮಾತುಗಾರ ‘ಆತಾ ಬೋಲ್ಕೆ ಬೋಲ್ಯಾ’ ಎಂದಾಗ ಆ ‘ಬೋಲ್ಕೆ’ಯ ಒಳಗೆ ಕನ್ನಡದ ‘ಬರ್ತೀನಿ ಅಂತ ಅಂದ’ ಎಂಬಲ್ಲಿಯ ‘ಅಂತ’ ಕುಳಿತಿದೆ. ಜಹೀರಾಬಾದ್, ನಾರಾಯಣಖೇಡಗಳ ಸಂತೆಯಲ್ಲಿ ಈ ಮಾತನ್ನು ಕೇಳಿದವರು ಅದನ್ನು ಪರಭಾಷೆಯೆಂದು ಭಾವಿಸುವುದಿಲ್ಲ. ಹಬ್ಶಿಯ ಮಕ್ಕಳು ಇಂತಹ ಮಾತಿನಲ್ಲಿ ಬೆಳೆದುದರಿಂದ, ಎರಡು ಮೂರು ತಲೆಮಾರುಗಳಲ್ಲಿ ಅವರನ್ನು ಮಾತಿನಿಂದ ಗುರುತಿಸುವುದು ಅಸಾಧ್ಯವಾಯಿತು.

ನಿಜಾಮರ ಕಾಲದಲ್ಲಿ ಆಫ್ರಿಕನ್ನರ ಇನ್ನೊಂದು ಅಲೆ ಈ ಸಂಸ್ಥಾನಕ್ಕೆ ಬಂದಿತು. ವನಪರ್ತಿಯ ರಾಜರು ಸಾಕಿದ್ದ ಆಫ್ರಿಕನ್ ಅಂಗರಕ್ಷಕ ಪಡೆ ಹತ್ತೊಂಬತ್ತನೆಯ ಶತಮಾನದಲ್ಲಿ ನಿಜಾಮರ ಸೇವೆಗೆ ಸೇರಿ ‘ಆಫ್ರಿಕನ್ ಕ್ಯಾವಲ್ರಿ ಗಾರ್ಡ್ಸ್’ ಎನಿಸಿತು. ಸಂಸ್ಥಾನ 1948ರಲ್ಲಿ ಭಾರತದಲ್ಲಿ ವಿಲೀನವಾದ ಮೇಲೆ ಆ ಪಡೆ ವಿಸರ್ಜನೆಯಾಯಿತು. ಅವರು ನೆಲೆಸಿದ್ದ ಹೈದರಾಬಾದಿನ ಬಡಾವಣೆ ಇಂದಿಗೂ ‘ಎ.ಸಿ. ಗಾರ್ಡ್ಸ್’ ಎಂದೇ ಪ್ರಸಿದ್ಧ. ಅದೇ ನಗರದ ಬಾರ್ಕಸ್, ಅಂದರೆ ‘ಬ್ಯಾರಕ್ಸ್’, ಯಮನಿನ ಹದ್ರಮೌತಿನಿಂದ ಬಂದ ಅರಬ್ ಸಿಪಾಯಿಗಳಾದ ಚೌಷರ ನೆಲೆ. ಚೌಷರೂ ಇಲ್ಲಿಯ ಹೆಣ್ಣುಮಕ್ಕಳನ್ನು ಮದುವೆಯಾದರು. ಹದ್ರಮೌತಿನ ಹೊರಗೆ ಪರದೇಶದ ತಾಯಿಗೆ ಹುಟ್ಟಿದ ಮಗುವನ್ನು ಅವರೂ ‘ಮುವಲ್ಲದ್’ ಎಂದೇ ಕರೆಯುತ್ತಿದ್ದರು. ಬೀದರಿನ ಚರಿತ್ರೆಯ ಪದ ನಾಲ್ಕು ಶತಮಾನಗಳ ಬಳಿಕ ಹೈದರಾಬಾದಿನ ಗಲ್ಲಿಗಳಲ್ಲಿ ಜೀವಂತವಾಗಿತ್ತು. ಸಿದ್ದಿಗಳೂ ಚೌಷರೂ ಸೇರಿ ಬೆಳೆಸಿದ ಮರ್ಫಾ ವಾದ್ಯ ಇಂದು ಹೈದರಾಬಾದಿನಲ್ಲಿ ಎಲ್ಲ ಧರ್ಮದವರ ಮದುವೆಯ ಮೆರವಣಿಗೆಯಲ್ಲಿಯೂ ಕೇಳಿಸುತ್ತದೆ.

ಸೊಮಾಲಿಯಾದ ಹೋಲಿಕೆ

ಹಬ್ಶಿಗಳು ಹಡಗು ಹತ್ತಿದ ಕರಾವಳಿಯಲ್ಲಿಯೇ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಬೆಳೆಯಿತು. ಸೊಮಾಲಿ ಸಮಾಜದಲ್ಲಿ ವ್ಯಕ್ತಿಯ ಸ್ಥಾನವನ್ನು ನಿರ್ಧರಿಸುವುದು ತಂದೆ, ಅಜ್ಜ, ಮುತ್ತಜ್ಜ ಎಂದು ಮೇಲೇರುವ ವಂಶಾವಳಿ. ಮಕ್ಕಳು ಅದನ್ನು ಬಾಯಿಪಾಠವಾಗಿ ಕಲಿಯುತ್ತಾರೆ. ಈ ಸರಣಿಯಲ್ಲಿ ತಂದೆ ಹೊರಗಿನವನಾದರೆ ತಾಯಿ ಎಷ್ಟೇ ದೊಡ್ಡ ಕುಲದವಳಾಗಿದ್ದರೂ ಮಗುವಿಗೆ ಪೂರ್ಣ ಸ್ಥಾನ ದೊರೆಯುವುದು ಕಷ್ಟ. ಅರಬ್, ಪರ್ಶಿಯನ್ ಮತ್ತು ಭಾರತೀಯ ವರ್ತಕರ ಮಿಶ್ರ ಸಂತತಿಯಾದ ಮೊಗದಿಶುವಿನ ಬೆನಾದಿರಿ ಜನರು, ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣದಿಂದ ಗುಲಾಮರಾಗಿ ತರಲ್ಪಟ್ಟ ಜುಬಾ ಕಣಿವೆಯ ಬಂಟು ಜನರು ಇಬ್ಬರೂ ಸೊಮಾಲಿ ದೇಶದವರೇ ಆಗಿದ್ದು ಸೊಮಾಲಿ ಕುಲದ ಹೊರಗೆ ಉಳಿದರು. 2000ದಲ್ಲಿ ಜಿಬೂತಿಯ ಆರ್ತಾದಲ್ಲಿ ನಡೆದ ಶಾಂತಿ ಸಮ್ಮೇಳನ ಅಧಿಕಾರ ಹಂಚಿಕೆಗೆ ‘ನಾಲ್ಕೂವರೆ’ ಎಂಬ ಸೂತ್ರವನ್ನು ಒಪ್ಪಿಕೊಂಡಿತು. ನಾಲ್ಕು ದೊಡ್ಡ ಕುಲಗಳಿಗೆ ಒಂದೊಂದು ಪಾಲು. ಉಳಿದ ಎಲ್ಲ ಅಲ್ಪಸಂಖ್ಯಾತರಿಗೂ ಸೇರಿ ಅರ್ಧ ಪಾಲು.

ಭಾಷೆಯ ವಿಷಯದಲ್ಲಿಯೂ ಹೀಗೆಯೇ. 1972ರಲ್ಲಿ ಸೊಮಾಲಿ ಭಾಷೆಗೆ ಲ್ಯಾಟಿನ್ ಲಿಪಿ ನಿಗದಿಯಾಗಿ ಅದು ಆಡಳಿತ ಭಾಷೆಯಾದಾಗ, ದೇಶವೆಲ್ಲ ಒಂದೇ ಮಾತಿನದೆಂಬ ನಂಬಿಕೆ ಬಲವಾಯಿತು. ಬ್ರಾವಾ ಪಟ್ಟಣದ ಮಿಶ್ರ ಜನರ ಮನೆಮಾತು ಸ್ವಾಹಿಲಿಯ ಉಪಭಾಷೆಯಾದ ಚಿಮ್ವೀನಿ. ದಕ್ಷಿಣದ ಬೇಸಾಯಗಾರರ ಮಾತು ಮಾಯ್. ಇವು ಆ ನಂಬಿಕೆಯ ಹೊರಗುಳಿದವು. ದಖ್ಖನಿನಲ್ಲಿ ಹಬ್ಶಿಯ ಮಗನಿಗೆ ತಾಯಿಯ ಮಾತಿನಿಂದ ನೆಲದ ಒಳಗೆ ಪ್ರವೇಶ ದೊರೆತರೆ, ಸೊಮಾಲಿಯಾದಲ್ಲಿ ತಾಯಿಯ ಮಾತೇ ಸೊಮಾಲಿಯಾಗಿದ್ದರೂ ಅದರಿಂದ ಮಗನಿಗೆ ಕುಲ ಸಿಗುತ್ತಿರಲಿಲ್ಲ. ತಂದೆಯ ಹೆಸರನ್ನು ಮಾತ್ರ ಕೇಳುವ ವ್ಯವಸ್ಥೆ ಎಷ್ಟು ಜನರನ್ನು ಹೊರಗಿಡಬಲ್ಲದೆಂಬುದಕ್ಕೆ ಇದೊಂದು ನಿದರ್ಶನ.

ಪಟ್ಟಿಗಳ ಕಾಲ

ಸ್ವತಂತ್ರ ಭಾರತದಲ್ಲಿ ಈ ಪ್ರಶ್ನೆ ಪಟ್ಟಿಗಳ ರೂಪವನ್ನು ತಾಳಿತು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳಲ್ಲಿಯೂ ನೆರೆಯ ಖಾನಾಪುರ, ಕಲಘಟಗಿಗಳಲ್ಲಿಯೂ ನೆಲೆಸಿರುವ ಸಿದ್ದಿಗಳ ಹಿನ್ನೆಲೆ ಬೀದರಿನ ಹಬ್ಶಿಗಳಿಗಿಂತ ಭಿನ್ನ. ಅವರಲ್ಲಿ ಹೆಚ್ಚಿನವರ ಪೂರ್ವಿಕರು ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಅವರಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಂ ಮೂವರೂ ಇದ್ದಾರೆ. ಮನೆಮಾತು ಕೊಂಕಣಿಯ ಒಂದು ಬಗೆ, ಇಲ್ಲವೆ ಉರ್ದು, ಹೊರಗೆ ಕನ್ನಡ. ‘ಹಿರಿಯರು’ ಎಂದು ಪೂರ್ವಿಕರನ್ನು ಪೂಜಿಸುವ ಪದ್ಧತಿಗೆ ಅವರು ಇಟ್ಟುಕೊಂಡ ಹೆಸರು ಅಚ್ಚ ಕನ್ನಡದ್ದು.

2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಆದರೆ ಆ ಮಾನ್ಯತೆ ಆ ಒಂದು ಜಿಲ್ಲೆಗೆ ಮಾತ್ರ ಸೀಮಿತವಾಗಿತ್ತು. ಹಳಿಯಾಳದ ಸಿದ್ದಿ ಪರಿಶಿಷ್ಟ ಪಂಗಡದವನಾದನು. ಜಿಲ್ಲೆಯ ಗಡಿಯಾಚೆ ಕಲಘಟಗಿಯಲ್ಲಿಯೋ ಖಾನಾಪುರದಲ್ಲಿಯೋ ಇದ್ದ ಅವನ ನೆಂಟ ಆಗಲಿಲ್ಲ. ಬೆಳಗಾವಿ, ಧಾರವಾಡ ಜಿಲ್ಲೆಗಳನ್ನು ಸೇರಿಸುವ ತಿದ್ದುಪಡಿ ಬಂದದ್ದು 2020ರಲ್ಲಿ. ಅದೇ ವರ್ಷ ಶಾಂತಾರಾಮ ಸಿದ್ದಿ ಅವರು ಕರ್ನಾಟಕದ ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಆ ಸದನವನ್ನು ಪ್ರವೇಶಿಸಿದ ಮೊದಲ ಸಿದ್ದಿಯಾದರು.

ತೆಲಂಗಾಣದಲ್ಲಿ ಇದೇ ಜನರ ಸ್ಥಾನ ಬೇರೆ. ಅಲ್ಲಿಯ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಸಿದ್ದಿಗಳಿಲ್ಲ. ಅವಿಭಜಿತ ಆಂಧ್ರಪ್ರದೇಶ 2007ರಲ್ಲಿ ಹಿಂದುಳಿದ ಮುಸ್ಲಿಂ ಗುಂಪುಗಳಿಗೆ ಶೇಕಡ 4ರ ಮೀಸಲಾತಿ ನೀಡಿದಾಗ ‘ಸಿದ್ದಿ, ಯಾಬಾ, ಹಬ್ಶಿ, ಜಾಸಿ’ ಎಂಬ ಹೆಸರುಗಳು ಆ ಪಟ್ಟಿಯಲ್ಲಿ ಬಂದವು. ಮೀಸಲಾತಿಯಿಂದ ಹೊರಗಿಟ್ಟ ಗುಂಪುಗಳ ಹೆಸರುಗಳಲ್ಲಿ ‘ಅರಬ್’ ಒಂದು. ಹೀಗೆ ಕರ್ನಾಟಕದಲ್ಲಿ ಸಿದ್ದಿ ಎಂಬುದು ಧರ್ಮಾತೀತವಾದ ಬುಡಕಟ್ಟಿನ ಹೆಸರು. ಗಡಿಯಾಚೆ ಅದೇ ಹೆಸರು ಮುಸ್ಲಿಂ ಹಿಂದುಳಿದ ವರ್ಗವೊಂದರ ಹೆಸರು. ಹಬ್ಶಿ ತಂದೆ, ಚೌಷ್ ತಾಯಿಯ ಮಗುವಿಗೆ ಒಂದು ಬಾಗಿಲು ತೆರೆಯುತ್ತದೆ. ಚೌಷ್ ತಂದೆ, ಹಬ್ಶಿ ತಾಯಿಯ ಮಗುವಿಗೆ ಸಾಮಾನ್ಯವಾಗಿ ಅದು ಮುಚ್ಚಿರುತ್ತದೆ. ಮಗುವಿನ ಮೈಯಲ್ಲಿ ಹರಿಯುವ ಪರಂಪರೆ ಎರಡು ಕಡೆಯೂ ಒಂದೇ.

ಗಡಿ ತಾಲ್ಲೂಕುಗಳ ಲೆಕ್ಕ

ಜಾತಿಯ ಪ್ರಮಾಣಪತ್ರ ವಾಡಿಕೆಯಂತೆ ತಂದೆಯ ಕಡೆಯಿಂದ ಬರುತ್ತದೆ. ಜನಗಣತಿಯಲ್ಲಿ ಭಾಷೆಯನ್ನು ಕೇಳುವ ಕ್ರಮ ಇದಕ್ಕೆ ಪ್ರತಿಯಾದುದು. ಬಾಲ್ಯದಲ್ಲಿ ತಾಯಿಯು ಆ ವ್ಯಕ್ತಿಯೊಡನೆ ಆಡಿದ ಭಾಷೆಯೇ ಅವನ ಮಾತೃಭಾಷೆ ಎಂದು ಗಣತಿಯ ಸೂಚನೆ ಹೇಳುತ್ತದೆ. ತಿಳಿದಿರುವ ಇತರ ಎರಡು ಭಾಷೆಗಳನ್ನು ಬರೆಸಲು ಅವಕಾಶವಿದ್ದರೂ ಮಾತೃಭಾಷೆ ಒಂದೇ. ಒಬ್ಬನೇ ಮನುಷ್ಯನನ್ನು ಒಂದು ಕಾಗದ ತಂದೆಯಿಂದಲೂ ಇನ್ನೊಂದು ತಾಯಿಯಿಂದಲೂ ಅಳೆಯುತ್ತದೆ. ಎರಡನ್ನೂ ಕೂಡಿಸಿ ಬರೆಯುವ ಜಾಗ ಯಾವ ಕಾಗದದಲ್ಲಿಯೂ ಇಲ್ಲ.

1956ರ ರಾಜ್ಯ ಪುನರ್ವಿಂಗಡಣೆಯೂ ಇಂತಹ ಅಳತೆಯಿಂದಲೇ ನಡೆಯಿತು. ನಿರ್ಣಾ ವೃತ್ತವನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು, ಬೀದರ್ ತಾಲ್ಲೂಕಿನ ನ್ಯಾಲಕಲ್ ವೃತ್ತ, ನಾರಾಯಣಖೇಡ ತಾಲ್ಲೂಕು ಇವು ಮೇದಕ್ ಜಿಲ್ಲೆಗೂ, ತಾಂಡೂರು ಹೈದರಾಬಾದ್ ಜಿಲ್ಲೆಗೂ, ಕೊಡಂಗಲ್ ಮಹಬೂಬ್‌ನಗರ ಜಿಲ್ಲೆಗೂ ಸೇರಿದವು. ಒಂದು ತಾಲ್ಲೂಕಿನ ಒಳಗೇ ಒಂದು ವೃತ್ತವನ್ನು ಕತ್ತರಿಸಿ ಈಚೆಗೆ ತೆಗೆದದ್ದು ಭಾಷೆಗಳು ಎಷ್ಟು ಬೆರೆತಿದ್ದವೆಂಬುದಕ್ಕೆ ಸಾಕ್ಷಿ. ಝರಾಸಂಗಮದ ಕೇತಕಿ ಸಂಗಮೇಶ್ವರನ ಜಾತ್ರೆಗೆ ಮೂರು ರಾಜ್ಯಗಳ ಭಕ್ತರು ಇಂದಿಗೂ ಸೇರುತ್ತಾರೆ. ಆದರೆ ಸಂವಿಧಾನದ 371(ಜೆ) ವಿಧಿಯ ಮೂಲಕ ಹಳೆಯ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ 2012ರ ತಿದ್ದುಪಡಿಯಿಂದ ದೊರೆತ ವಿಶೇಷ ಸ್ಥಾನದಲ್ಲಿ, ಅದೇ ಚರಿತ್ರೆಯ ಪಾಲುದಾರರಾದ ಈ ತಾಲ್ಲೂಕುಗಳಿಗೆ ಪಾಲಿಲ್ಲ. ಹಳಿಯಾಳ ಮತ್ತು ಕಲಘಟಗಿಯ ಸಿದ್ದಿಗಳ ನಡುವೆ ಹದಿನೇಳು ವರ್ಷ ನಿಂತಿದ್ದ ಗೆರೆಯಂತಹುದೇ ಒಂದು ಗೆರೆ ಬೀದರಿಗೂ ಜಹೀರಾಬಾದಿಗೂ ನಡುವೆ ಇದೆ.

ಹಬ್ಶಿಗಳ ಚರಿತ್ರೆಯಿಂದ ಭಾಷಿಕ ಅಲ್ಪಸಂಖ್ಯಾತರ ಅಧ್ಯಯನ ಪಡೆಯಬೇಕಾದ ಪಾಠ ಇಲ್ಲಿದೆ. ದಖ್ಖನ್ ಹಬ್ಶಿಯನ್ನು ಒಳಗೆ ಬಿಟ್ಟುಕೊಂಡದ್ದು ಅವನ ಮೂಲವನ್ನು ಮರೆತಲ್ಲ. ‘ಹಬ್ಶಿ’, ‘ದಖ್ಖನಿ’ ಎಂಬ ಎರಡು ಹೆಸರುಗಳನ್ನೂ ಒಬ್ಬನೇ ಹೊರಲು ಬಿಟ್ಟು. ಹಾಗೆ ಬಿಡದ ಅರಸರೂ ಇದ್ದರು, ಅಂತಃಪುರಗಳೂ ಇದ್ದವು. ಇಂದು ಗಡಿ ತಾಲ್ಲೂಕಿನ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ದಖ್ಖನಿ ಆಡುವ ಮಗುವಿಗೆ ಬೇಕಾಗಿರುವುದೂ ಎರಡು ಮೂರು ಹೆಸರುಗಳನ್ನು ಒಟ್ಟಿಗೆ ಹೊರುವ ಅಂತಹ ಅವಕಾಶವೇ. ಅದಕ್ಕೆ ಮೊದಲ ಹೆಜ್ಜೆಯಾಗಿ ಈ ಸೀಮೆಯ ಚರಿತ್ರೆಯನ್ನು ಕೋಟೆ, ಗೋರಿ, ಶಾಸನಗಳ ಆಚೆಗೆ ಮನೆಗಳಿಂದಲೂ ಸಂಗ್ರಹಿಸಬೇಕಾಗಿದೆ. ಬೀದರ್, ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ಕುಟುಂಬಗಳಲ್ಲಿ ಅಜ್ಜಿಯರ ಊರು ಯಾವುದು, ಅವರು ಯಾವ ಮಾತಿನಲ್ಲಿ ಜೋಗುಳ ಹಾಡಿದರು, ಮದುವೆಯಾಗಿ ಬಂದ ಮನೆಯಲ್ಲಿ ಯಾವ ಮಾತು ಕಲಿತರು ಎಂಬ ವಿವರಗಳು ಇಂದಿಗೂ ನೆನಪಿನಲ್ಲಿ ಉಳಿದಿವೆ. ತಂದೆಯ ಹೆಸರುಗಳನ್ನು ಫಿರಿಸ್ತಾ ಮೊದಲಾದವರು ಬರೆದಿಟ್ಟಿದ್ದಾರೆ. ತಾಯಿಯ ಮಾತನ್ನು ಬರೆದಿಡುವ ಕೆಲಸ ಆ ಅಜ್ಜಿಯರು ಇರುವಾಗಲೇ ಆಗಬೇಕು.